ಗಾಲ್ಫ್: 7ನೇ ಐರನ್ 155 ಗಜ ಹೋಗ್ತಿದೆ, ಆದ್ರೆ ಪಿಚಿಂಗ್ ವೆಜ್ ಕೆಳಗೆ 38 ಗಜ ಖಾಲಿ! ಲಾಫ್ಟ್ ಲೆಕ್ಕ ಹೇಗೆ? ಫಿಟ್ಟಿಂಗ್ ಬೇಕಾ?

ಹಸಿರಂಚು

ಎಲ್ಲರಿಗೂ ನಮಸ್ಕಾರ. ಹೊಸ ಐರನ್ (ತೆಳು ಹೆಡ್ಡಿನ ಗಾಲ್ಫ್ ಕ್ಲಬ್) ಸೆಟ್ಟಿನ ಲಾಫ್ಟ್ (ಫೇಸ್, ಅಂದ್ರೆ ಚೆಂಡಿಗೆ ತಗಲೋ ಮುಖ, ವಾಲಿರೋ ಕೋನ) ಮತ್ತು ಕ್ಯಾರಿ (ಚೆಂಡು ಗಾಳೀಲಿ ಹೋಗೋ ದೂರ) ಹೀಗಿದೆ. ಎಲ್ಲಾ ಸರಾಸರಿ, ರೋಲ್ (ಬಿದ್ದ ಮೇಲಿನ ಓಟ) ಸೇರಿಸಿಲ್ಲ; ವೆಜ್ ಅಂದ್ರೆ ಹತ್ತಿರದ ಹೊಡೆತಕ್ಕೆ ಲಾಫ್ಟ್ ಜಾಸ್ತಿ ಇರೋ ಕ್ಲಬ್:

4ನೇದು 18.5° – 172 ಗಜ
5ನೇದು 21° – 171
6ನೇದು 24.5° – 165
7ನೇದು 28.5° – 155
8ನೇದು 33° – 143
9ನೇದು 38° – 130
ಪಿಚಿಂಗ್ ವೆಜ್ 43° – 118
ಹಳೇ ಸ್ಯಾಂಡ್ ವೆಜ್ 56° – 80

ಡ್ರೈವರ್ (ಅತಿ ದೂರ ಹೊಡೆಯೋ ಕ್ಲಬ್) 9°. ಅದರಲ್ಲಿ ಕ್ಲಬ್ ವೇಗ ಗಂಟೆಗೆ 92 ಮೈಲಿ, ಅಟ್ಯಾಕ್ ಆ್ಯಂಗಲ್ (ಕ್ಲಬ್ ಚೆಂಡಿಗೆ ಬರೋ ಕೋನ, ಮೈನಸ್ ಅಂದ್ರೆ ಕೆಳಮುಖ) ಮೈನಸ್ 3, ಲಾಂಚ್ (ಚೆಂಡು ಹೊರಡೋ ಕೋನ) 8.5°. ಚೆಂಡು ಮೇಲೇಳೋದೇ ಇಲ್ಲ.

ಪ್ರಶ್ನೆ ಮೂರು. 4 ಮತ್ತು 5 ಎರಡೂ ಒಂದೇ ದೂರ ಯಾಕೆ? ಕೆಳಗಿನ 38 ಗಜಕ್ಕೆ ಏನು ಮಾಡ್ಬೇಕು? ಇದಕ್ಕೆಲ್ಲ ಫಿಟ್ಟಿಂಗ್‌ಗೆ (ನಮ್ಮ ಮೈ, ಸ್ವಿಂಗಿಗೆ ತಕ್ಕ ಹಾಗೆ ಕ್ಲಬ್ ಹೊಂದಿಸೋ ಕಡೆ) ಹೋಗ್ಬೇಕಾ, ಅಥವಾ ಲಾಫ್ಟ್ ಬಗ್ಗಿಸಿದ್ರೆ ಸಾಕಾ?

---

ಲೈಬೋರ್ಡ್

ಮೊದಲು ಕ್ಲಬ್ಬಿನ ತಳದಲ್ಲಿರೋ ಅಂಕಿ ಮರೆತುಬಿಡಿ. ಅದು ಬರೀ ಹೆಸರು. ಶಾಫ್ಟನ್ನ (ಕ್ಲಬ್ಬಿನ ಕೋಲನ್ನ) ನೆಟ್ಟಗೆ ನಿಲ್ಲಿಸಿದಾಗ ಫೇಸ್ ಎಷ್ಟು ಹಿಂದಕ್ಕೆ ವಾಲಿದೆ ಅನ್ನೋದೇ ಲಾಫ್ಟ್, ಲೆಕ್ಕಕ್ಕೆ ಬರೋದು ಅದು. ಹಳೇ ಕಾಲದ ಸೆಟ್ಟುಗಳಲ್ಲಿ 7ನೇ ಐರನ್ 35-36° ಇರ್ತಿತ್ತು. ಈಗಲೂ ಬ್ಲೇಡ್ (ತೆಳು, ಟೊಳ್ಳಲ್ಲದ ಹೆಡ್) ಮಾದರಿಗಳಲ್ಲಿ 34ರ ಆಸುಪಾಸು. ನಿಮ್ಮದು 28.5, ಅಂದ್ರೆ ಹಳೇ ಲೆಕ್ಕದಲ್ಲಿ 5ನೇ ಐರನ್. 155 ಹೋಗೋದ್ರಲ್ಲಿ ಆಶ್ಚರ್ಯ ಇಲ್ಲ.

ಮೇಲ್ತುದಿ ನೋಡಿ. 21ಕ್ಕೂ 18.5ಕ್ಕೂ ಮಧ್ಯೆ ಬರೀ 2.5°. ಅಷ್ಟು ಕಮ್ಮಿ ಲಾಫ್ಟಲ್ಲಿ ಚೆಂಡು ಗಾಳೀಲಿ ನಿಲ್ಲಬೇಕಾದ್ರೆ ವೇಗ ಬೇಕು. ವೇಗ ಸಾಲದೆ ಹೋದ್ರೆ ಎತ್ತರ ಸಿಗಲ್ಲ, ಸ್ಪಿನ್ ಸಿಗಲ್ಲ, ಚೆಂಡು ಬೇಗ ಬಿದ್ದುಬಿಡುತ್ತೆ. ಅದಕ್ಕೇ ಎರಡೂ 171-172. 4ನೇ ಐರನ್ ಚೀಲದಲ್ಲಿ ಸುಮ್ನೆ ಜಾಗ ತಿನ್ನುತ್ತಿದೆ. ಆ ಜಾಗಕ್ಕೆ 21°ಯ 7 ವುಡ್ (ಡ್ರೈವರ್ ಥರದ ದಪ್ಪ ಹೆಡ್ಡಿನ ಕ್ಲಬ್) ಅಥವಾ ಒಂದು ಹೈಬ್ರಿಡ್ (ವುಡ್-ಐರನ್ ಬೆರಕೆ) ಹಾಕಿ. ತೂಕ ಕೆಳಗೆ, ಹಿಂದೆ ಇರೋದ್ರಿಂದ ಅದೇ ಲಾಫ್ಟಲ್ಲೂ ಚೆಂಡು ಮೇಲಕ್ಕೆ ಹೋಗುತ್ತೆ.

ಕೆಳತುದಿ ಸರಳ. 43ರಿಂದ 56ಕ್ಕೆ 13° ಅಂತರ. ವೆಜ್‌ಗಳ ನಡುವೆ 4ರಿಂದ 6 ಇರ್ಬೇಕು. 48 ಮತ್ತು 52 ಸೇರಿಸಿ. ಅಂತರ 5, 4, 4 ಆಗುತ್ತೆ.

---

ಸಮತೂಕ

ಎರಡು ವೆಜ್ ಹೊಸದಾಗಿ ಯಾಕೆ? 49ರದ್ದು ಒಂದು ಸಾಕು. ಸ್ಯಾಂಡ್ ವೆಜ್ಜನ್ನ 56ರಿಂದ 55ಕ್ಕೆ ಬಗ್ಗಿಸಿ. 43, 49, 55. ನಿಮ್ಮ ಅಂಕಿಗಳ ಪ್ರಕಾರ ಅಲ್ಲಿ 1°ಗೆ ಸುಮಾರು 3 ಗಜ, ಹಾಗಾಗಿ ಕ್ಯಾರಿ 118, 100, 83ರ ಹತ್ತಿರ ಬರುತ್ತೆ. ಮಧ್ಯದ ದೂರಕ್ಕೆ ಮುಕ್ಕಾಲು ಸ್ವಿಂಗ್ ಇದ್ದೇ ಇದೆ.

---

ಲೈಬೋರ್ಡ್

ಒಂದೊಂದು ಮೆಟ್ಟಿಲೂ 17-18 ಗಜ ಆಯ್ತಲ್ಲ. 109 ಗಜ ಬಂದ್ರೆ ಏನು ಹೊಡೀತಾರೆ? ಮುಕ್ಕಾಲು ಸ್ವಿಂಗ್ ಪ್ರತಿ ವಾರ ಅಭ್ಯಾಸ ಮಾಡೋರಿಗೆ ಸರಿ. ಎಲ್ಲರಿಗೂ ಅಲ್ಲ.

14 ಕ್ಲಬ್ಬಿನ ಮಿತಿಯೂ ಇಲ್ಲಿ ಅಡ್ಡಿ ಆಗಲ್ಲ. ಎಣಿಸಿ: ಡ್ರೈವರ್, 3 ವುಡ್, 7 ವುಡ್, 5ರಿಂದ ಪಿಚಿಂಗ್ ವೆಜ್‌ವರೆಗೆ ಆರು, ವೆಜ್ ಮೂರು, ಪಟರ್. ಒಟ್ಟು 13. ಇನ್ನೂ ಒಂದು ಉಳಿಯಿತು.

---

ಗಾಳಿಗೆದುರು

"ಹಳೇ 5ಕ್ಕೆ 7 ಅಂತ ಹೆಸರು ಬರೆದಿದ್ದಾರೆ ಅಷ್ಟೇ" ಅನ್ನೋ ಮಾತು ಈ ವೇದಿಕೇಲಿ ಪದೇ ಪದೇ ಬರುತ್ತೆ. ಅರ್ಧ ಮಾತ್ರ ನಿಜ. ಈಗಿನ ಟೊಳ್ಳು ಹೆಡ್‌ಗಳಲ್ಲಿ ಫೇಸ್ ತೆಳು, ತೂಕ ಸೋಲ್ (ಕ್ಲಬ್ಬಿನ ತಳ) ಹತ್ತಿರ. ಅದೇ 34° ಇಟ್ಟಿದ್ರೆ ಚೆಂಡು ಆಕಾಶಕ್ಕೆ ಹೋಗಿ ಗಾಳಿಗೆ ಸಿಕ್ಕಿ ಬೀಳ್ತಿತ್ತು. ಅದಕ್ಕೆ ಲಾಫ್ಟ್ ಇಳಿಸಿದ್ದಾರೆ. ಹಳೇ 5ನೇ ಐರನ್ನಿನ 28.5 ಮತ್ತು ಇದರ 28.5 ಒಂದೇ ಥರ ಹಾರಲ್ಲ.

ಆದ್ರೆ ನೋಡಬೇಕಾದ್ದು ದೂರ ಅಲ್ಲ, ಚೆಂಡು ಎಷ್ಟು ಕಡಿದಾಗಿ ಇಳಿಯುತ್ತೆ ಅನ್ನೋದು. ಐರನ್ ಹೊಡೆತ 45°ಗಿಂತ ಚಪ್ಪಟೆಯಾಗಿ ಇಳಿದ್ರೆ ಗ್ರೀನ್ (ಗುಳಿ ಸುತ್ತಲಿನ ನುಣುಪು ಹುಲ್ಲು) ಮೇಲೆ ನಿಲ್ಲೋದು ಕಷ್ಟ. ಪಿಜಿಎ ಟೂರ್ (ಅಮೆರಿಕದ ವೃತ್ತಿಪರ ಸರಣಿ) ಆಟಗಾರರ 7ನೇ ಐರನ್ ಸುಮಾರು 50°ಯಲ್ಲಿ, ನಿಮಿಷಕ್ಕೆ 7000 ಸುತ್ತಿನ ಸ್ಪಿನ್ ಇಟ್ಕೊಂಡು ಇಳಿಯುತ್ತೆ. @ಹಸಿರಂಚು, ನಿಮ್ಮ 7ನೇದರ ಸ್ಪಿನ್ ಮತ್ತು ಇಳಿಯೋ ಕೋನ ಎಷ್ಟು?

---

ಹಸಿರಂಚು

ಸ್ಪಿನ್ 4600. ಇಳಿಯೋ ಕೋನ 41.

---

ಗಾಳಿಗೆದುರು

ಹಾಗಾದ್ರೆ 155 ಕ್ಯಾರಿ, ಆಮೇಲೆ ಗ್ರೀನ್ ಹಿಂದಕ್ಕೆ ಓಟ. ಮುಂದೆ ಬಂಕರ್ (ಮರಳು ಗುಂಡಿ) ಇದ್ರೆ ಆ 7ನೇ ಐರನ್ ಉಪಯೋಗಕ್ಕೆ ಬರಲ್ಲ. ಬೆಳಗಿನ ಮೆದು ಗ್ರೀನಲ್ಲಿ ಗೊತ್ತಾಗಲ್ಲ, ಮಧ್ಯಾಹ್ನ ಒಣಗಿದ ಮೇಲೆ ನೋಡಿ.

---

ತಿರುಪುಳಿ

ಸುಲಭ ಉಪಾಯ: ಇಡೀ ಸೆಟ್ಟನ್ನ 2° ಲಾಫ್ಟ್ ಹೆಚ್ಚಿಸಿ ಬಗ್ಗಿಸಿ. ಎತ್ತರವೂ ಬರುತ್ತೆ, ಪಿಚಿಂಗ್ ವೆಜ್ 45 ಆಗಿ ಕೆಳಗಿನ ಅಂತರವೂ ಕಡಿಮೆಯಾಗುತ್ತೆ.

---

ಕುಲುಮೆ

ನಿಲ್ಲಿ ನಿಲ್ಲಿ. ಬಗ್ಗಿಸೋ ಮುಂಚೆ ಕ್ಲಬ್ ಯಾವ ಲೋಹದ್ದು ಅಂತ ತಿಳ್ಕೊಳ್ಳಿ.

ಫೋರ್ಜ್ ಮಾಡಿದ ಮೆದು ಕಾರ್ಬನ್ ಸ್ಟೀಲ್ ಆದ್ರೆ, 1020, 1025, ಎಸ್25ಸಿ ಇಂಥವು, 2-3° ಆರಾಮಾಗಿ ಬಗ್ಗುತ್ತೆ. ಎರಕ ಹೊಯ್ದ 431 ಸ್ಟೇನ್‌ಲೆಸ್ ಹೆಚ್ಚೆಂದ್ರೆ 2°. 17-4 ಸ್ಟೇನ್‌ಲೆಸ್ ತುಂಬಾ ಗಟ್ಟಿ. 1° ಬಗ್ಗಿಸೋಕೂ ಕೈಯಲ್ಲಿ ಹದ ಬೇಕು, ಸನ್ನೆಕೋಲಲ್ಲಿ ಜೋರಾಗಿ ಎಳೆದ್ರೆ ಹೋಸೆಲ್ (ಶಾಫ್ಟ್ ಸೇರೋ ಕತ್ತು) ಬುಡದಲ್ಲಿ ಕೂದಲೆಳೆಯಂಥ ಬಿರುಕು ಬರುತ್ತೆ. ಆಮೇಲೆ ಎಂದೋ ಒಂದಿನ ಹೆಡ್ ಹಾರಿಹೋಗುತ್ತೆ. ಟೊಳ್ಳು ಹೆಡ್ ಅಂತೂ ತಯಾರಕರ ಮಿತಿ ಕೇಳದೆ ಮುಟ್ಟಲೇಬಾರದು.

ಎರಡನೇದು, ಲಾಫ್ಟ್ ಬದಲಾದ್ರೆ ಅದೊಂದೇ ಬದಲಾಗಲ್ಲ. ಲಾಫ್ಟ್ 1° ಏರಿಸಿದ್ರೆ ಬೌನ್ಸ್ (ಸೋಲ್ ಮುಂದಿನ ಅಂಚಿಗಿಂತ ಕೆಳಕ್ಕೆ ಇಳಿದಿರೋ ಕೋನ) 1° ಏರುತ್ತೆ, ಆಫ್‌ಸೆಟ್ (ಫೇಸ್ ಹೋಸೆಲ್ಲಿಗಿಂತ ಹಿಂದೆ ಇರೋದು) ಕಡಿಮೆಯಾಗುತ್ತೆ. 1° ಇಳಿಸಿದ್ರೆ ಬೌನ್ಸ್ 1° ಇಳಿಯುತ್ತೆ, ಆಫ್‌ಸೆಟ್ ಹೆಚ್ಚುತ್ತೆ. @ಸಮತೂಕ ಹೇಳಿದ 56ರಿಂದ 55ಕ್ಕೆ, 12° ಬೌನ್ಸ್ ಇದ್ದ ವೆಜ್ 11 ಆಗುತ್ತೆ, ತೊಂದರೆ ಇಲ್ಲ. 8° ಬೌನ್ಸಿನ ವೆಜ್ಜನ್ನ 3° ಇಳಿಸಿದ್ರೆ ಉಳಿಯೋದು 5. ಮರಳಲ್ಲಿ ಸಲಿಕೆ ಥರ ಒಳಗೆ ಹೋಗುತ್ತೆ.

---

ಬಂಕರ್‌ವಾಸಿ

👆 ಈ ಬೌನ್ಸ್ ವಿಷಯ ಯಾರೂ ಹೇಳಲ್ಲ. ಮೆದು ಮರಳು, ದಪ್ಪ ಹುಲ್ಲು, ಕಡಿದಾಗಿ ಇಳಿಯೋ ಸ್ವಿಂಗ್ ಇದ್ರೆ 10-14° ಬೌನ್ಸ್. ಗಟ್ಟಿ ನೆಲ, ಚಪ್ಪಟೆ ಸ್ವಿಂಗ್ ಇದ್ರೆ 4-8°. ಫೇಸ್ ತೆರೆದು ಇಟ್ಟಾಗ ಬೌನ್ಸ್ ಇನ್ನೂ ಹೆಚ್ಚುತ್ತೆ, ಹಾಗಾಗಿ ಗಟ್ಟಿ ನೆಲದಲ್ಲಿ ತೆರೆದು ಹೊಡೆದ್ರೆ ಸೋಲ್ ಪುಟಿದು ಅಂಚು ಚೆಂಡಿನ ಹೊಟ್ಟೆಗೇ ತಗಲುತ್ತೆ. ವೆಜ್ ಕೊಳ್ಳುವಾಗ ಲಾಫ್ಟಿನಷ್ಟೇ ಗಮನ ಇದಕ್ಕೂ ಕೊಡಿ.

---

ಮೆಲ್ಲಗೆಬೀಸು

ಡ್ರೈವರ್ ಬಗ್ಗೆ ಯಾರೂ ಮಾತಾಡ್ಲಿಲ್ಲ. ಲಾಫ್ಟ್ ಜಾಸ್ತಿ ಮಾಡಿದ್ರೆ ಸ್ಪಿನ್ ಏರಿ ದೂರ ಕಮ್ಮಿ ಆಗುತ್ತೆ ಅಲ್ವಾ? 9° ಇರ್ಲಿ, ಟೀ (ಚೆಂಡು ಇಡೋ ಮೊಳೆ) ಎತ್ತರ ಮಾಡಿ ಸಾಕು.

---

ಗಾಳಿಗೆದುರು

ಟೀ ಮಾತು ಸರಿ, ಲಾಫ್ಟ್ ಮಾತು ಎಲ್ಲರಿಗೂ ಅನ್ವಯಿಸಲ್ಲ. ಸ್ವಲ್ಪ ಬಿಡಿಸಿ ಹೇಳ್ತೀನಿ.

ಕ್ಲಬ್ ಮೇಲೆ ಬರೆದಿರೋದು ನಿಂತ ಲಾಫ್ಟ್. ಚೆಂಡು ತಗಲುವ ಕ್ಷಣದಲ್ಲಿ ಫೇಸ್ ನಿಜವಾಗಿ ಎಷ್ಟು ಮೇಲಕ್ಕೆ ನೋಡ್ತಿದೆ ಅನ್ನೋದು ಡೈನಾಮಿಕ್ ಲಾಫ್ಟ್. ಕೈ ಮುಂದಿದ್ರೆ ಅದು ಇಳಿಯುತ್ತೆ, ಹಿಂದೆ ಉಳಿದ್ರೆ ಏರುತ್ತೆ. ಡ್ರೈವರಲ್ಲಿ ಚೆಂಡು ಹೊರಡೋ ಕೋನದ ಸುಮಾರು 85% ಡೈನಾಮಿಕ್ ಲಾಫ್ಟಿಂದ ಬರುತ್ತೆ, 15% ಅಟ್ಯಾಕ್ ಆ್ಯಂಗಲ್‌ನಿಂದ. ಐರನ್‌ಗಳಲ್ಲಿ ಅದು 75-25ರ ಹತ್ತಿರ.

ಹಸಿರಂಚು ಅವರ ಅಂಕಿ ಹಾಕಿ ನೋಡಿ. ಲಾಂಚ್ 8.5, ಅಟ್ಯಾಕ್ ಮೈನಸ್ 3. ಡೈನಾಮಿಕ್ ಲಾಫ್ಟ್ 10.5ರ ಆಸುಪಾಸು ಬರುತ್ತೆ. ಡೈನಾಮಿಕ್ ಲಾಫ್ಟಲ್ಲಿ ಅಟ್ಯಾಕ್ ಆ್ಯಂಗಲ್ ಕಳೆದ್ರೆ ಸ್ಪಿನ್ ಲಾಫ್ಟ್: 10.5 – (–3) = 13.5. ಸ್ಪಿನ್ ಹುಟ್ಟೋದು ಮುಖ್ಯವಾಗಿ ಈ 13.5ರಿಂದ, ಸೋಲ್ ಮೇಲಿನ 9ರಿಂದ ಅಲ್ಲ.

ಈಗ ಎರಡು ದಾರಿ. ಅಟ್ಯಾಕ್ ಹಾಗೇ ಬಿಟ್ಟು ಲಾಫ್ಟ್ 2° ಏರಿಸಿದ್ರೆ ಲಾಂಚ್ 10.2ಕ್ಕೆ ಬರುತ್ತೆ, ಆದ್ರೆ ಸ್ಪಿನ್ ಲಾಫ್ಟ್ 15.5. ಎತ್ತರ ಸಿಕ್ತು, ಸ್ಪಿನ್ನೂ ಏರಿತು, ಚೆಂಡಿನ ವೇಗ ಚೂರು ಇಳಿಯಿತು. ಇನ್ನೊಂದು ದಾರಿ, ಲಾಫ್ಟ್ 2° ಏರಿಸೋದರ ಜೊತೆಗೇ ಚೆಂಡನ್ನ ಮುಂಗಾಲ ಹಿಮ್ಮಡಿ ನೇರಕ್ಕೆ ತಂದು, ಟೀ ಎತ್ತರಿಸಿ, ಅಟ್ಯಾಕ್ ಪ್ಲಸ್ 2 ಮಾಡೋದು. ಡೈನಾಮಿಕ್ ಲಾಫ್ಟ್ 12.5ರಲ್ಲೇ ನಿಂತ್ರೆ ಲಾಂಚ್ 10.9, ಸ್ಪಿನ್ ಲಾಫ್ಟ್ ಬರೀ 10.5. ದೊಡ್ಡ ಲಾಭ ಇರೋದು ಇಲ್ಲಿ.

92 ಮೈಲಿ ವೇಗದಲ್ಲಿ ಕೆಳಮುಖವಾಗಿ ಹೊಡೆಯೋರಿಗೆ 9° ಕಮ್ಮಿಯೇ. 10.5ರಿಂದ ಶುರು ಮಾಡಿ. 75 ಮೈಲಿ ಇರೋರು 12ರ ಕೆಳಗೆ ನೋಡೋದೇ ಬೇಡ.

---

ಏಳರಸಂಗ

ಇದಕ್ಕೆ ಒಂದು ಸೇರ್ಪಡೆ. ಡ್ರೈವರ್ ಫೇಸ್ ಚಪ್ಪಟೆ ಅಲ್ಲ, ಮೇಲಿಂದ ಕೆಳಕ್ಕೂ ಉಬ್ಬಿದೆ. ಆ ಉಬ್ಬಿನ ತ್ರಿಜ್ಯ 12 ಇಂಚು ಅಂತ ಇಟ್ಕೊಂಡ್ರೆ, ಮಧ್ಯದಿಂದ ಅರ್ಧ ಇಂಚು ಮೇಲೆ ಲಾಫ್ಟ್ 2.4° ಹೆಚ್ಚು, ಅರ್ಧ ಇಂಚು ಕೆಳಗೆ 2.4° ಕಮ್ಮಿ. ಅಂದ್ರೆ 9°ಯ ಡ್ರೈವರಲ್ಲೇ 6.6ರಿಂದ 11.4ವರೆಗೆ ಲಾಫ್ಟ್ ಇದೆ! ಮೇಲೆ ತಗಲಿದ್ರೆ ಗೇರ್ ಎಫೆಕ್ಟಿಂದ (ಹೆಡ್ ತಿರುಗಿ ಚೆಂಡನ್ನ ಎದುರು ದಿಕ್ಕಿಗೆ ಉರುಳಿಸೋದ್ರಿಂದ) ಸ್ಪಿನ್ನೂ ಇಳಿಯುತ್ತೆ, ಕೆಳಗೆ ತಗಲಿದ್ರೆ ಏರುತ್ತೆ.

ಹಾಗಾಗಿ ಹೊಸ ಡ್ರೈವರ್ ನೋಡೋ ಮುಂಚೆ ಫೇಸ್ ಮೇಲೆ ತೆಳ್ಳಗೆ ಪೌಡರ್ ಸ್ಪ್ರೇ ಹೊಡೆದು ಹತ್ತು ಚೆಂಡು ಹೊಡೀರಿ. ಗುರುತುಗಳು ಕೆಳಗಡೆ ಗುಂಪಾಗಿದ್ರೆ ಲಾಂಚ್ 8.5 ಯಾಕೆ ಅಂತ ಅಲ್ಲೇ ಉತ್ತರ ಸಿಗುತ್ತೆ.

---

ತಿರುಪುಳಿ

ಡ್ರೈವರಲ್ಲಿ ತಿರುಗಿಸೋ ಸ್ಲೀವ್ (ಶಾಫ್ಟನ್ನ ಹೆಡ್ಡಿಗೆ ಸೇರಿಸೋ ಕೊಳವೆ) ಇದ್ರೆ ಹೊಸದು ಯಾಕೆ, ಅದರಲ್ಲೇ 1.5° ಏರಿಸಿ. ಸ್ಕ್ರೂ ಸಡಿಲಿಸಿ, ಹೆಡ್ಡನ್ನ ಪೂರ್ತಿ ಹೊರಗೆ ತೆಗೆದು, ಸ್ಲೀವ್ ತಿರುಗಿಸಿ, ಹಲ್ಲು ಸರಿಯಾಗಿ ಕೂತಿದೆಯಾ ನೋಡಿ, ಟಾರ್ಕ್ ರೆಂಚ್ ಕ್ಲಿಕ್ ಅನ್ನೋವರೆಗೆ ಬಿಗಿ ಮಾಡಿ. ಸ್ಲೀವಿಗೂ ಹೆಡ್ಡಿಗೂ ಮಧ್ಯೆ ಉಗುರು ತೂರುವಷ್ಟು ಸಂದಿ ಕಂಡ್ರೂ ಬಿಚ್ಚಿ ಮತ್ತೆ ಹಾಕಿ. ಮಾಮೂಲಿ ಕೀಲಿಯಿಂದ ಬಿಗಿ ಮಾಡ್ಬೇಡಿ, ಸ್ಕ್ರೂ ದಾರ ಹೋಗುತ್ತೆ.

---

ಲೈಬೋರ್ಡ್

ಸ್ಲೀವ್ ಬಗ್ಗೆ ಒಂದು ಎಚ್ಚರಿಕೆ. ಅದು ಫೇಸನ್ನ ಬಗ್ಗಿಸಲ್ಲ, ಶಾಫ್ಟ್ ಹೆಡ್ಡಿಗೆ ಸೇರೋ ಓರೆಯನ್ನ ಬದಲಿಸುತ್ತೆ. ಲಾಫ್ಟ್ ಏರಿಸಿದಾಗ, ಕ್ಲಬ್ಬನ್ನ ನೆಲಕ್ಕೆ ತಾಗಿಸಿ ನಿಂತ್ರೆ ಫೇಸ್ ಎಡಕ್ಕೆ ಮುಚ್ಚಿದ ಹಾಗೆ ಕಾಣುತ್ತೆ (ಬಲಗೈ ಆಟಗಾರರಿಗೆ). ನೀವು ಫೇಸನ್ನ ಗುರಿಗೆ ನೇರ ಮಾಡಿ ಹಿಡಿದಾಗ ಮಾತ್ರ ಹೆಚ್ಚಿನ ಲಾಫ್ಟ್ ಕೈಗೆ ಬರೋದು. ಸ್ಲೈಸ್ (ಬಲಕ್ಕೆ ಬಾಗೋ ಹೊಡೆತ) ಹೊಡೆಯೋರಿಗೆ ಇದು ವರ. ಚೆಂಡು ಮೊದಲೇ ಎಡಕ್ಕೆ ಹೋಗ್ತಿರೋರಿಗೆ ತಲೆನೋವು.

ಇನ್ನೊಂದು, ಸುತ್ತು ಶುರುವಾದ ಮೇಲೆ ಸ್ಲೀವ್ ಮುಟ್ಟಂಗಿಲ್ಲ. ನಿಯಮ 4.1ಎ ಪ್ರಕಾರ ಸುತ್ತಿನ ನಡುವೆ ಕ್ಲಬ್ಬಿನ ಗುಣವನ್ನ ಬೇಕಂತ ಬದಲಿಸಿ ಅದರಿಂದ ಹೊಡೆದ್ರೆ ಅನರ್ಹತೆ.

---

ನೂರರೊಳಗೆ

ಲಾಫ್ಟ್ ಆಯ್ತು, ಲೈ ಕೋನ (ಶಾಫ್ಟಿಗೂ ನೆಲಕ್ಕೂ ನಡುವಿನ ಕೋನ) ಯಾರೂ ಎತ್ತಲಿಲ್ವಲ್ಲ? ಮನೇಲೇ ನೋಡ್ಬಹುದು. ಚೆಂಡಿನ ಮೇಲೆ ಮಾರ್ಕರಲ್ಲಿ ದಪ್ಪ ಗೆರೆ ಎಳೆದು, ಗೆರೆ ಫೇಸ್ ಕಡೆಗೆ ನೆಟ್ಟಗೆ ನಿಲ್ಲೋ ಹಾಗೆ ಇಟ್ಟು ಹೊಡೀರಿ. ಫೇಸ್ ಮೇಲೆ ಅಚ್ಚು ಬೀಳುತ್ತೆ. ಗೆರೆಯ ತಲೆ ಹೀಲ್ (ಹೆಡ್ಡಿನ ಶಾಫ್ಟ್ ಕಡೆಯ ತುದಿ) ಕಡೆ ವಾಲಿದ್ರೆ ಕ್ಲಬ್ ಅಪ್‌ರೈಟ್ (ಲೈ ಕಡಿದು) ಜಾಸ್ತಿ ಅಂತ ಅರ್ಥ.

---

ಕುಲುಮೆ

ತಿರುಗುಮುರುಗಾಯ್ತು. ಅಪ್‌ರೈಟ್ ಜಾಸ್ತಿ ಅಂದ್ರೆ ಹೊಡೆಯುವಾಗ ಟೋ (ಹೆಡ್ಡಿನ ಹೊರತುದಿ) ಮೇಲೆದ್ದಿದೆ. ಚೆಂಡಿನ ಗೆರೆ ನೆಟ್ಟಗೇ ಇದೆ, ಓರೆಯಾಗಿರೋದು ಫೇಸ್. ಕ್ಲಬ್ಬನ್ನ ಸಮ ಮಾಡಿ ನೋಡಿದಾಗ ಗೆರೆಯ ತಲೆ ಟೋ ಕಡೆ ವಾಲಿರುತ್ತೆ. ಹೀಲ್ ಕಡೆ ವಾಲಿದ್ರೆ ಫ್ಲಾಟ್ ಜಾಸ್ತಿ.

ನಿಮಗೆ ಗೊಂದಲ ಆಗಿರೋದು ಸೋಲ್ ಟೇಪಿಂದ ಅನ್ಸುತ್ತೆ. ಸೋಲಿಗೆ ಟೇಪ್ ಅಂಟಿಸಿ ಹಲಗೆ ಮೇಲಿಂದ ಹೊಡೆದಾಗ, ಟೋ ಮೇಲೆದ್ದಿದ್ರೆ ನೆಲಕ್ಕೆ ಉಜ್ಜೋದು ಹೀಲ್, ಹಾಗಾಗಿ ಗುರುತು ಹೀಲ್ ಹತ್ತಿರ ಬೀಳುತ್ತೆ. ಒಂದೇ ದೋಷ, ಎರಡು ಪರೀಕ್ಷೆ, ಗುರುತು ಎದುರುಬದುರು.

---

ನೂರರೊಳಗೆ

ಹೌದು, ಒಪ್ಪಿದೆ. ಸೋಲ್ ಟೇಪಿನ ನಿಯಮವನ್ನೇ ಇಲ್ಲಿಗೂ ಹಚ್ಚಿದ್ದೆ. ಧನ್ಯವಾದ.

---

ಏಳರಸಂಗ

ಲೈ ತಪ್ಪಿದ್ರೆ ಎಷ್ಟು ನಷ್ಟ ಅನ್ನೋದು ಲಾಫ್ಟಿನ ಮೇಲೇ ನಿಂತಿದೆ. ಅದಕ್ಕೇ ಎರಡನ್ನೂ ಒಟ್ಟಿಗೆ ನೋಡ್ಬೇಕು. ಲೈ 2° ಅಪ್‌ರೈಟ್ ಆಗಿದ್ರೆ:

43°ಯ ಪಿಚಿಂಗ್ ವೆಜ್ ಫೇಸ್ ಸುಮಾರು 1.9° ಎಡಕ್ಕೆ ನೋಡುತ್ತೆ, 118 ಗಜದಲ್ಲಿ ಹತ್ತಿರ ಹತ್ತಿರ 4 ಗಜ.
28.5°ಯ 7ನೇ ಐರನ್ ಸುಮಾರು 1.1°, 155 ಗಜದಲ್ಲಿ 3 ಗಜ.
10.5°ಯ ಡ್ರೈವರ್ 0.4° ಕೂಡ ಇಲ್ಲ.

ಇದು ಬರೀ ಫೇಸ್ ನೋಡೋ ದಿಕ್ಕಿನ ಲೆಕ್ಕ. ಫೇಸ್ ಎಡಕ್ಕೆ ಇದ್ದ ಮೇಲೆ ಚೆಂಡು ಆ ಕಡೆಗೆ ತಿರುಗೋದು ಬೇರೆ. ಡ್ರೈವರ್ ಲೈ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ವೆಜ್ ಲೈ ಮಾತ್ರ ಅರ್ಧ ಡಿಗ್ರಿವರೆಗೂ ಸರಿ ಮಾಡಿಸಿ. ವೆಜ್‌ಗಳನ್ನ ಬಿಡಿಬಿಡಿಯಾಗಿ ತಂದು ಲೈ ನೋಡಿಸದೇ ಇರೋರು ತುಂಬಾ ಜನ. "ನನ್ನ ವೆಜ್ ಮಾತ್ರ ಎಡಕ್ಕೆ ಹೋಗುತ್ತೆ" ಅನ್ನೋದರ ಹಿಂದೆ ಬಹಳ ಸಲ ಇದೇ ಕಾರಣ.

---

ಮೆಲ್ಲಗೆಬೀಸು

ಪಿಂಗ್ ಕಂಪನಿಯ ಐರನ್‌ಗಳ ಮೇಲಿರೋ ಬಣ್ಣದ ಚುಕ್ಕಿ ಇದೇನಾ?

---

ಕುಲುಮೆ

ಅದೇ. ಕಪ್ಪು ಅಂದ್ರೆ ಸ್ಟ್ಯಾಂಡರ್ಡ್, ನೀಲಿ ಅಪ್‌ರೈಟ್ ಕಡೆಗೆ, ಕೆಂಪು ಫ್ಲಾಟ್ ಕಡೆಗೆ. ಸೆಕೆಂಡ್‌ಹ್ಯಾಂಡ್ ತಗೊಳ್ಳುವಾಗ ಚುಕ್ಕಿಯನ್ನೇ ನಂಬಬೇಡಿ, ಹಿಂದಿನವರು ಬಗ್ಗಿಸಿರಬಹುದು.

---

ಸಮತೂಕ

ಎತ್ತರ ಅಂತ ಶಾಫ್ಟ್ ಉದ್ದ ಮಾಡಿಸೋರಿಗೆ: ಅರ್ಧ ಇಂಚು ಉದ್ದ ಮಾಡಿದ್ರೆ ಲೈ ಸುಮಾರು 1° ಅಪ್‌ರೈಟ್ ಆದ ಹಾಗೆ ವರ್ತಿಸುತ್ತೆ, ಸ್ವಿಂಗ್‌ವೇಟ್ (ಬೀಸುವಾಗ ಹೆಡ್ ಎಷ್ಟು ಭಾರ ಅನ್ಸುತ್ತೆ ಅನ್ನೋ ಅಳತೆ) 3 ಅಂಕ ಏರುತ್ತೆ. ಡಿ2 ಇದ್ದದ್ದು ಡಿ5 ಆಗಿ ಹೆಡ್ ಭಾರ ಅನ್ಸುತ್ತೆ. ಹೆಡ್ಡಲ್ಲಿ 2 ಗ್ರಾಂ ಅಂದ್ರೆ ಒಂದು ಅಂಕ. ಗ್ರಿಪ್ 4-5 ಗ್ರಾಂ ಭಾರವಾದ್ರೆ ಒಂದು ಅಂಕ ಇಳಿಯುತ್ತೆ. ಬರೀ ಎತ್ತರ ನೋಡಿ ಉದ್ದ ನಿರ್ಧರಿಸೋದು ತಪ್ಪು. ಮಣಿಕಟ್ಟಿನಿಂದ ನೆಲಕ್ಕಿರೋ ಅಳತೆ ಮುಖ್ಯ. ಎತ್ತರ ಇದ್ದು ಕೈಯೂ ಉದ್ದ ಇದ್ರೆ ಸ್ಟ್ಯಾಂಡರ್ಡೇ ಸಾಕಾಗಬಹುದು.

---

ಹೊಸಚಿಗುರು

ಎಲ್ಲಾ ಐರನ್ನೂ ಒಂದೇ ಉದ್ದ ಮಾಡಿಬಿಟ್ರೆ ಈ ತಲೆನೋವೇ ಇರಲ್ವಲ್ಲ? ವೃತ್ತಿಪರ ಆಟಗಾರ ಬ್ರೈಸನ್ ಡಿಶ್ಯಾಂಬೋ ಹಾಗೇ ಆಡಿದ್ದಾರಲ್ಲ.

---

ಗಾಳಿಗೆದುರು

ಅವರು ಆಡಿ 2020, 2024ರಲ್ಲಿ ಯುಎಸ್ ಓಪನ್ ಗೆದ್ದಿದ್ದಾರೆ, ನಿಜ. ಆದ್ರೆ ಅವರ ವೇಗ ಬೇರೆ. ಎಲ್ಲವೂ 7ನೇ ಐರನ್ ಉದ್ದಕ್ಕೆ ಬಂದಾಗ ಉದ್ದ ಐರನ್ ಗಿಡ್ಡವಾಗಿ ವೇಗ ಕಳ್ಕೊಳ್ಳುತ್ತೆ, ವೆಜ್ ಉದ್ದವಾಗಿ ಅತಿಯಾಗಿ ಹಾರುತ್ತೆ. ಮೇಲ್ತುದಿಯಲ್ಲಿ ಈಗಾಗಲೇ 171-172 ಅಂತ ಗುಂಪಾಗಿರೋರಿಗೆ ಇದು ಇನ್ನೂ ಗುಂಪು ಮಾಡುತ್ತೆ.

---

ಬಂಕರ್‌ವಾಸಿ

ವಿಷಯ ಬಿಟ್ಟು ಒಂದು ಮಾತು: ಅಂಕಿಗೂ ಮುಂಚೆ ಕ್ಲಬ್‌ಗಳಿಗೆ ಹೆಸರೇ ಇತ್ತು. ಮ್ಯಾಶಿ, ನಿಬ್ಲಿಕ್, ಇವೆರಡರ ಮಧ್ಯೆ ಮ್ಯಾಶಿ-ನಿಬ್ಲಿಕ್. ವುಡ್‌ಗಳಲ್ಲಿ ಬ್ರಾಸಿ, ಸ್ಪೂನ್. ಸ್ಟೀಲ್ ಶಾಫ್ಟಿಗೆ ಅಮೆರಿಕದ ಗಾಲ್ಫ್ ಸಂಸ್ಥೆ ಯುಎಸ್‌ಜಿಎ 1924ರಲ್ಲಿ, ಬ್ರಿಟನ್ನಿನ ಆರ್ ಅಂಡ್ ಎ 1929ರಲ್ಲಿ ಒಪ್ಪಿಗೆ ಕೊಟ್ಟ ಮೇಲೆ ಅಂಕಿ ಹಾಕಿದ ಸೆಟ್ಟುಗಳು ಬಂದ್ವು. ಆಟಗಾರ ಜೀನ್ ಸಾರಜೆನ್ 1932ರ ಬ್ರಿಟಿಷ್ ಓಪನ್ ಗೆದ್ದದ್ದು ಸೋಲ್ ದಪ್ಪ ಮಾಡಿಕೊಂಡ ಸ್ಯಾಂಡ್ ವೆಜ್ ಹಿಡಿದು. ಚೀಲದಲ್ಲಿ ಕ್ಲಬ್ ಜಾಸ್ತಿ ಆಗ್ತಾ ಹೋಗಿ 1938ರಲ್ಲಿ ಯುಎಸ್‌ಜಿಎ 14ರ ಮಿತಿ ಹಾಕ್ತು. ಹಾಗಾಗಿ ಅಂಕಿ ಯಾವತ್ತೂ ಅಳತೆ ಆಗಿರಲೇ ಇಲ್ಲ, ಹೆಸರಿನ ಬದಲಿಗೆ ಬಂದದ್ದು.

---

ಹಸಿರಂಚು

ಇಷ್ಟೊಂದು ವಿವರ! ತುಂಬಾ ಧನ್ಯವಾದ. ಹಾಗಾದ್ರೆ ಫಿಟ್ಟಿಂಗ್‌ಗೆ ಹೋಗೋದು ಖಚಿತ. ಹೋಗುವಾಗ ಏನು ತಗೊಂಡು ಹೋಗ್ಬೇಕು? ಅಲ್ಲಿ ಏನು ಕೇಳ್ಬೇಕು? ಶಾಫ್ಟ್ ರೆಗ್ಯುಲರ್ರಾ, ಸ್ಟಿಫ್ಫಾ ಅನ್ನೋದೂ ಗೊತ್ತಿಲ್ಲ.

---

ಲೈಬೋರ್ಡ್

ಈಗಿರೋ ಅಷ್ಟೂ ಕ್ಲಬ್ ತಗೊಂಡು ಹೋಗಿ, ಆಡೋ ಚೆಂಡೂ ಅರ್ಧ ಡಜನ್. ರೇಂಜ್ (ಅಭ್ಯಾಸದ ಮೈದಾನ) ಚೆಂಡಿನ ಸ್ಪಿನ್ ಬೇರೆ, ದೂರ ಬೇರೆ, ಅದರ ಮೇಲೆ ಲಾಫ್ಟ್ ನಿರ್ಧಾರ ಮಾಡೋದು ಅಂದಾಜಿನ ಮೇಲೆ ಬಟ್ಟೆ ಹೊಲಿದ ಹಾಗೆ. ಒಳಾಂಗಣದಲ್ಲಿ ರೇಡಾರ್ ಯಂತ್ರ ಇದ್ರೆ ಚೆಂಡು ಹಾರೋ ಜಾಗ ಕಮ್ಮಿ, ಅದಕ್ಕೆ ಸ್ಪಿನ್ ಸರಿಯಾಗಿ ಓದಲು ಚೆಂಡಿಗೆ ಲೋಹದ ಚುಕ್ಕಿ ಅಂಟಿಸ್ತಾರೆ. ಅಂಟಿಸಿದ್ದಾರಾ ನೋಡಿ. ಕ್ಯಾಮೆರಾ ಯಂತ್ರಕ್ಕೆ ಈ ಸಮಸ್ಯೆ ಕಡಿಮೆ.

ಮೊದಲು ನಿಮ್ಮ ಕ್ಲಬ್‌ಗಳ ಲಾಫ್ಟ್, ಲೈ, ಉದ್ದ ಅಳೆಸಿ ಬರೆಸಿಕೊಳ್ಳಿ. ಕಾರ್ಖಾನೆಯಿಂದ ±1° ಹೆಚ್ಚುಕಮ್ಮಿ ಬರೋದು ಮಾಮೂಲು. ಕಾಗದದಲ್ಲಿ 33 ಮತ್ತು 38 ಇದ್ದದ್ದು ಕೈಯಲ್ಲಿ 34 ಮತ್ತು 37 ಆಗಿದ್ರೆ ಅಂತರ 5 ಅಲ್ಲ, 3. ನೀವು ಕೊಟ್ಟ ಪಟ್ಟಿ ಕೆಟಲಾಗಿನದ್ದಾ, ಅಳೆದದ್ದಾ?

---

ಹಸಿರಂಚು

ಕೆಟಲಾಗಿನದ್ದು. ಅಳೆಸಿಲ್ಲ.

---

ಲೈಬೋರ್ಡ್

ಹಾಗಾದ್ರೆ ಅಲ್ಲಿಂದಲೇ ಶುರು. ಅಳತೆ ಆಗೋವರೆಗೆ ಮೇಲೆ ನಾವು ಕೊಟ್ಟ 48, 52 ಎಲ್ಲವೂ ತಾತ್ಕಾಲಿಕ.

ಆಮೇಲೆ ಗ್ರಿಪ್. ಅದನ್ನ ಕೊನೆಗೆ ಬಿಡೋದು ತಪ್ಪು. ಸಣ್ಣದಾದ್ರೆ ಬೆರಳ ತುದಿ ಅಂಗೈಗೆ ಒತ್ತುತ್ತೆ, ದಪ್ಪ ಆದ್ರೆ ಬೆರಳಿಗೂ ಅಂಗೈಗೂ ಮಧ್ಯೆ ಜಾಗ ಉಳಿಯುತ್ತೆ. ಮಿಡ್‌ಸೈಜ್ ಅಂದ್ರೆ ಸ್ಟ್ಯಾಂಡರ್ಡ್‌ಗಿಂತ ಇಂಚಿನ 16ರಲ್ಲಿ ಒಂದು ಪಾಲು ದಪ್ಪ. ಗ್ರಿಪ್ ಕೆಳಗೆ ಒಂದು ಸುತ್ತು ಟೇಪ್ ಹೆಚ್ಚು ಹಾಕಿದ್ರೆ 64ರಲ್ಲಿ ಒಂದು ಪಾಲು. ಹಿಡಿತ ಬದಲಾದ್ರೆ ಫೇಸ್ ಬರೋ ರೀತಿಯೇ ಬದಲಾಗುತ್ತೆ, ಹಾಗಾಗಿ ಇದು ಮೊದಲು.

ಐರನ್ ಹೋಲಿಸುವಾಗ 7ಕ್ಕೆ 7 ಹೋಲಿಸಬೇಡಿ, ಲಾಫ್ಟಿಗೆ ಲಾಫ್ಟ್ ಹೋಲಿಸಿ. ಇದೊಂದು ಮಾತು ನೆನಪಿಟ್ಕೊಳ್ಳಿ. ನಿಮ್ಮ 33°ಯ 8ನೇದು ಮತ್ತು ಬೇರೆ ಮಾದರಿಯ 34°ಯ 7ನೇದು ಅಕ್ಕಪಕ್ಕ ಇಟ್ಟು ಎತ್ತರ, ಸ್ಪಿನ್, ಇಳಿಯೋ ಕೋನ ನೋಡಿ. 28°ಯನ್ನ 34°ಯ ಪಕ್ಕ ಇಟ್ಟು "12 ಗಜ ಜಾಸ್ತಿ ಬಂತು ನೋಡಿ" ಅಂದ್ರೆ ಅದು ಹೋಲಿಕೆಯೇ ಅಲ್ಲ.

---

ಸಮತೂಕ

ಶಾಫ್ಟ್ ಬಗ್ಗೆ ನಾನು ಹೇಳ್ತೀನಿ. ರೆಗ್ಯುಲರ್ (ಆರ್), ಸ್ಟಿಫ್ (ಎಸ್, ಕಮ್ಮಿ ಬಾಗೋದು) ಅನ್ನೋ ಅಕ್ಷರಕ್ಕೆ ಉದ್ಯಮದಲ್ಲಿ ಒಂದೇ ಅಳತೆ ಇಲ್ಲ. ಒಬ್ಬರ ಆರ್ ಇನ್ನೊಬ್ಬರ ಎಸ್‌ಗಿಂತ ಗಟ್ಟಿ ಇರಬಹುದು. ಅದಕ್ಕೇ ಕೆಲವರು ಶಾಫ್ಟ್ ನಿಮಿಷಕ್ಕೆ ಎಷ್ಟು ಸಲ ಕಂಪಿಸುತ್ತೆ ಅಂತ ಯಂತ್ರದಲ್ಲಿ ಅಳೀತಾರೆ.

ನನ್ನ ಪ್ರಕಾರ ಮೊದಲು ತೂಕ, ಆಮೇಲೆ ಫ್ಲೆಕ್ಸ್ (ಶಾಫ್ಟ್ ಎಷ್ಟು ಬಾಗುತ್ತೆ ಅನ್ನೋದು). ಸ್ಟೀಲ್ ಐರನ್ ಶಾಫ್ಟ್ ಸಾಮಾನ್ಯವಾಗಿ 95ರಿಂದ 130 ಗ್ರಾಂವರೆಗೆ ಬರುತ್ತೆ. ಅತಿ ಹಗುರ ಆದ್ರೆ ಲಯ ತಪ್ಪಿ ಫೇಸ್ ಮೇಲಿನ ಗುರುತು ಚೆದುರುತ್ತೆ. ಅತಿ ಭಾರ ಆದ್ರೆ ಕೊನೇ ಹೋಲ್‌ಗಳಲ್ಲಿ ವೇಗ ಬೀಳುತ್ತೆ. ಎತ್ತರ ಬೇಕು ಅಂತ ಶಾಫ್ಟ್ ಮೇಲೇ ಭಾರ ಹಾಕಬೇಡಿ. ಶಾಫ್ಟ್ ಬದಲಿಸಿ ಸಿಗೋ ಲಾಂಚ್ ವ್ಯತ್ಯಾಸ ಸಾಮಾನ್ಯವಾಗಿ ಚಿಕ್ಕದು, ಲಾಫ್ಟ್ ಬದಲಿಸಿ ಸಿಗೋದು ದೊಡ್ಡದು.

---

ಏಳರಸಂಗ

ಇನ್ನು ಎಣಿಕೆ. ಪ್ರತಿ ಕ್ಲಬ್ಬಿಗೆ 8-10 ಹೊಡೆತ. ಅತ್ಯುತ್ತಮ ಹೊಡೆತ ನೋಡಿ ಮರುಳಾಗಬೇಡಿ, ಗುಂಪು ನೋಡಿ. ಸ್ಪಿನ್ 4000, 5800, 4300 ಅಂತ ಕುಣೀತಿದ್ರೆ ಸರಾಸರಿ 4700 ಅನ್ನೋದಕ್ಕೆ ಅರ್ಥ ಇಲ್ಲ. 5100, 5300, 5000 ಅಂತ ಬರೋ ಕ್ಲಬ್ 5 ಗಜ ಕಮ್ಮಿ ಹೋದ್ರೂ ಅದೇ ಒಳ್ಳೇದು. 70-80 ಚೆಂಡು ಆದ ಮೇಲೆ ದಣಿವು ಕಾಣಿಸುತ್ತೆ, ಡ್ರೈವರನ್ನ ಇನ್ನೊಂದು ದಿನಕ್ಕಿಟ್ಟರೂ ನಷ್ಟ ಇಲ್ಲ.

ಮ್ಯಾಟ್ ಮೋಸ ಮಾಡುತ್ತೆ. ಚೆಂಡಿಗಿಂತ ಒಂದು ಇಂಚು ಹಿಂದೆ ಬಿದ್ದ ಸೋಲ್ ಮ್ಯಾಟಲ್ಲಿ ಜಾರಿ ಚೆಂಡಿಗೆ ತಗಲುತ್ತೆ, ಅಂಕಿ ಚೆನ್ನಾಗೇ ಕಾಣುತ್ತೆ. ಹುಲ್ಲಲ್ಲಿ ಅದೇ ಹೊಡೆತ 30 ಗಜ ಕಮ್ಮಿ. ಸಾಧ್ಯ ಆದ್ರೆ ವೆಜ್ ಮಾತ್ರ ಹುಲ್ಲಿನ ಮೇಲೇ ನೋಡಿ.

---

ಹೊಸಚಿಗುರು

ಈಗಷ್ಟೇ ಕಲೀತಿರೋರು ಸ್ವಿಂಗ್ ಸರಿ ಆಗೋವರೆಗೆ ಕಾಯೋದು ಒಳ್ಳೇದಲ್ವಾ?

---

ಕುಲುಮೆ

ಪೂರ್ತಿ ಫಿಟ್ಟಿಂಗ್‌ಗೆ ಕಾಯಬಹುದು. ಉದ್ದ, ಲೈ, ಗ್ರಿಪ್ ಈ ಮೂರಕ್ಕೆ ಕಾಯಬೇಡಿ. ಲೈ 3° ತಪ್ಪಿರೋ ಕ್ಲಬ್ ಹಿಡಿದು ಕಲಿತ್ರೆ, ಆ ತಪ್ಪನ್ನ ಸರಿದೂಗಿಸೋ ಸ್ವಿಂಗ್ ಮೈಗೆ ಹತ್ತಿಬಿಡುತ್ತೆ. ಆಮೇಲೆ ಸರಿಯಾದ ಕ್ಲಬ್ ಕೊಟ್ರೂ ಚೆಂಡು ವಾರೆ ಹೋಗುತ್ತೆ.

---

ಲೈಬೋರ್ಡ್

@ಹಸಿರಂಚು, ಕೊನೇದಾಗಿ. ಹೊಸ ಕ್ಲಬ್ ಅಥವಾ ಬಗ್ಗಿಸಿದ ಕ್ಲಬ್ ಕೈಗೆ ಬಂದ ದಿನವೇ ಮತ್ತೆ ಅಳೆಸಿ, ಆರ್ಡರ್ ಚೀಟಿ ಪಕ್ಕದಲ್ಲಿಟ್ಟು ನೋಡಿ. 48 ಕೇಳಿದ್ದು 49 ಬಂದಿದ್ರೆ ಹೇಳೋ ಸಮಯ ಅದೇ. ಫೋರ್ಜ್ ಮಾಡಿದ ವೆಜ್ ಆದ್ರೆ ವರ್ಷಕ್ಕೊಮ್ಮೆ ನೋಡಿಸಿ. ಗಟ್ಟಿ ಮ್ಯಾಟ್ ಮೇಲೆ ಹೊಡೆದು ಹೊಡೆದು ಲಾಫ್ಟ್, ಲೈ ಎರಡೂ ಸರಿಯುತ್ತೆ.

---

ಹಸಿರಂಚು

ಆಯ್ತು. ಮೊದಲು ಇರೋ ಎಂಟೂ ಕ್ಲಬ್ ಅಳೆಸ್ತೀನಿ, ಪೌಡರ್ ಹಾಕಿ ಡ್ರೈವರ್ ಗುರುತು ನೋಡ್ತೀನಿ. ಅಳೆದ ಅಂಕಿ ಸಿಕ್ಕ ಮೇಲೆ ಇಲ್ಲೇ ಹಾಕ್ತೀನಿ, 48-52 ಬೇಕಾ ಅಥವಾ 49-55 ಸಾಕಾ ಅಂತ ಆವಾಗ ಹೇಳಿ.

---

ಸಮತೂಕ

ಐರನ್ ಹೆಡ್ ಯಾವ ಲೋಹ ಅನ್ನೋದನ್ನೂ ಬರೆದು ಹಾಕಿ. 17-4 ಆಗಿದ್ರೆ ಬಗ್ಗಿಸೋ ಮಾತು ಬಿಟ್ಟು ಲೈಬೋರ್ಡ್ ಹೇಳಿದ ದಾರಿಗೇ ನನ್ನ ಮತ.